ಬಗ್ಗುವ ಬಸ್ಸು

ಬಂತು, ಅಲ್ಲ, ಕೋಳಿ ಲಾರಿ, ಗರಿ ಹಾರಿಸ್ಕೊಂಡು ಹೋಯ್ತು, ದೇವನಹಳ್ಳಿ ಬಸ್ಸಿಗಿನ್ನೂ ಟೈಮಿದೆ ಬಿಂದು ಅಂತಾನೆ ಅಪ್ಪ, ನನಗಿಂತ ಅವನಿಗೇ ಗಾಬರಿ, ಕೆಲಸದ ಮೊದಲ ದಿನ ನನಗೋ ಅವನಿಗೋ, ಬ್ಲೌಸಿಗೆ ಕಸೂತಿ ಹಾಕೋ ಅಂಗಡಿ, ಒಬ್ಬಳೇ ಹೋಗ್ತೀನಿ ಅಂದ್ಬಿಟ್ಟಿದ್ದೀನಿ, ಕಂಕುಳಲ್ಲಿ ಊರುಗೋಲು ಒತ್ತುತ್ತೆ, ಎಳವೆಯಲ್ಲೇ ಜ್ವರಕ್ಕೆ ಸೋತ ಕಾಲು ತಮ್ಮ ಪಾಡಿಗೆ ತೂಗ್ತಾವೆ — ಆಗ ಊರುಗೋಲೆಲ್ಲಿತ್ತು, ಅಪ್ಪನ ಬೆನ್ನೇ, ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಅವನು ರೇಷ್ಮೆ ನೂಲು ತೆಗೆಯೋಕೆ ಹೋಗೋನು, ನನ್ನನ್ನ ಹೊತ್ಕೊಂಡೇ ಹೋಗಿ ಸ್ಕೂಲಲ್ಲಿ ಇಳಿಸೋನು, ಶರ್ಟೆಲ್ಲ ಬೆಂದ ಗೂಡಿನ ವಾಸನೆ, ಪಕ್ಕದವರು ಮೂಗು ಮುಚ್ಕೊಳ್ಳೋರು, ನನಗೆ ಅಲ್ಲೇ ಮುಖ ಇಟ್ಟರೆ ನಿದ್ದೆ, ಉಪ್ಪು ಬೇಕಾ ಉಪ್ಪು ಅಂತ ಕೂಗ್ಕೊಂಡು ಬಸ್ಸಿಗೆ ಓಡೋನು, ಕಂಡಕ್ಟರ್ ಮುನಿರಾಜಣ್ಣ ಸೀಟಿ ಊದದೆ ಕಾಯೋನು, ಏನಪ್ಪಾ ಜವರಪ್ಪ ಉಪ್ಪಿನ ಮೂಟೆಗೆ ಲಗೇಜ್ ಹಾಕ್ಲಾ, ಹಾಕು ಗುರು, ತೂಕ ನೀನೇ ಹಿಡ್ಕೊಂಡು ಮಾಡ್ಬೇಕು, ಇಡೀ ಬಸ್ಸು ನಗೋದು, ನಾನೂ, ಆ ಎತ್ತರದಿಂದ ಎಲ್ಲರ ನೆತ್ತಿ ಕಾಣೋದು, ಮುಡಿದ ಹೂವು, ಬೋಳು ತಲೆ, ಎಷ್ಟು ಚೆನ್ನಾಗಿತ್ತು, ಒಂಬತ್ತನೇ ಕ್ಲಾಸಲ್ಲಿ ಒಂದಿನ ಹಿಂದಿನ ಸೀಟಿನಿಂದ ಯಾರೋ, ಇಷ್ಟು ದೊಡ್ಡ ಹುಡುಗೀನ ಹಂಗಾ ಹೊರೋದು, ಅಪ್ಪನ ಕತ್ತಿನ ನರ ಬಿಗಿಯಾಗಿದ್ದು ನನ್ನ ಕೆನ್ನೆಗೆ ತಾಗ್ತು, ಮಾರನೇ ದಿನ ನಾನು ಸ್ಕೂಲಿಗೆ ಹೋಗಲ್ಲ ಅಂದೆ, ಅಪ್ಪ ಒಬ್ಬನೇ ಬಸ್ಸಿಗೆ ಹೋದ, ಆಮೇಲೆ ಜಗಲಿ, ಸೂಜಿ, ದಾರ, ರಸ್ತೇಲಿ ಹೋಗೋ ಬಸ್ಸಿನ ಸದ್ದು — ಈಗ ಹೆಂಗಸರಿಗೆ ಟಿಕೆಟ್ ಫ್ರೀ ಆಗಿದೆ, ಮೆಟ್ಟಿಲು ಮಾತ್ರ ಅಷ್ಟೇ ಎತ್ತರ, ಬೆಂಗಳೂರಲ್ಲಿ ಬಸ್ಸೇ ಒಂದು ಕಡೆ ವಾಲಿ ಬಗ್ಗುತ್ತಂತೆ, ಒಂಟೆ ಥರ, ತಂಗಿ ಸಿಂಧು ನೋಡಿ ಬಂದು ಹೇಳಿದ್ಲು, ನಮ್ಮೂರ ಗೇಟ್ ಸ್ಟಾಪಲ್ಲಿ ಬಗ್ಗೋದು ಅಪ್ಪ ಒಬ್ಬನೇ, ಅವನಿಗೂ ಬೆನ್ನಿನ ಆಪರೇಷನ್ ಆಯ್ತು, ಭಾರ ಎತ್ತಿದ್ರೆ ಮತ್ತೆ ಏಳಲ್ಲ ಅಂದವ್ರೆ ಡಾಕ್ಟ್ರು — ಬಂತು, ಈ ಸಲ ಬಸ್ಸೇ, ಎಂದಿನಂತೆ ಮುಂದೆ ಹೋಗಿ ನಿಲ್ತು, ಧೂಳು, ಬೇಗ ಹತ್ರಮ್ಮ ಅಂತಾನೆ ಕಂಡಕ್ಟರ್, ನೋಡಿದ್ರೆ ಅಪ್ಪ ಆಗಲೇ ಬೆನ್ನು ಕೊಟ್ಟು ಬಗ್ಗಿದಾನೆ, ಬಾ ಮಗಾ ಇದೊಂದ್ಸಲ, ಬೇಡಪ್ಪ, ಲೇ ಹೊರಟೋಗುತ್ತೆ ಕಣೇ, ಬೇಡ ಅಂದ್ನಲ್ಲ, ಜೋರಾಗೇ ಅಂದ್ಬಿಟ್ಟೆ, ತರಕಾರಿ ಮುತ್ತಮ್ಮನ ಕೈಗೆ ಊರುಗೋಲು ಕೊಟ್ಟು ತಿರುಗಿ ಮೆಟ್ಟಿಲ ಮೇಲೆ ಕೂತೆ, ಅಂಗೈ ಊರಿ ಮೈ ಎತ್ತಿ ಮೇಲಿನ ಮೆಟ್ಟಿಲು, ಕಬ್ಬಿಣ ಸುಡುತ್ತೆ, ಹೊಸ ಸೀರೆ, ಅಯ್ಯೋ ಯಾರಾದ್ರೂ ಎತ್ಕೊಳ್ರೋ, ಮುಟ್ಬೇಡಿ, ನಾನೇ ಬರ್ತೀನಿ, ಡ್ರೈವರ್ ಎಂಜಿನ್ ಆಫ್ ಮಾಡಿದ, ಆ ನಿಶ್ಶಬ್ದದಲ್ಲಿ ನನ್ನ ಏದುಸಿರು ನನಗೇ ಕೇಳಿಸ್ತು, ಇನ್ನೊಂದು ಮೆಟ್ಟಿಲು, ಹತ್ತಿದೆ, ಹತ್ತೇಬಿಟ್ಟೆ, ಕೂತೆ, ಮುತ್ತಮ್ಮ ಪಕ್ಕದಲ್ಲಿ, ಗಟ್ಟಿಗಿತ್ತಿ ಕಣವ್ವ, ಅಂಗೈ ಕೆಂಪಗಾಗಿದೆ, ನಗು ಬರ್ತಾ ಇದೆ, ಅಪ್ಪಾ ಕೂತ್ಕೊಂಡೆ ಅಂತ ಕಿಟಕಿಗೆ ತಲೆ ಹಾಕಿದ್ರೆ ಅವನು ಊರ ಕಡೆ ನಡೀತಿದಾನೆ, ಸ್ವಲ್ಪ ಬಗ್ಗಿಕೊಂಡು, ಎರಡು ಕೈನೂ ಹಿಂದಕ್ಕೆ ತಗೊಂಡು ಬೆರಳಿಗೆ ಬೆರಳು ಹೆಣೆದು, ಜಾರದ ಹಾಗೆ ಬಿಗಿ ಹಿಡಿದು, ಅದರ ಮೇಲೆ ಯಾರೂ ಇಲ್ಲ, ಅಪ್ಪಾ ಕೈ ಬಿಡು, ಕೇಳಿಸಲ್ಲ, ಬಸ್ಸು ತಿರುಗ್ತಾ ಇದೆ, ಹೆಣೆದ ಕೈ, ಬೇಲಿ, ಕಂಬ, ಮತ್ತೆ ಆ ಹೆಣೆದ ಕೈ