ಚಿತ್ರದ ಬೆನ್ನಿಗೆ ಬರೆದ ಹೆಸರು

ಸುಮತಿ ಉಸಿರು ಬಿಗಿಹಿಡಿದು ಚಿತ್ರದ ಸರಸ್ವತಿಯ ಕಿರೀಟಕ್ಕೆ ಚಿನ್ನದ ತೆಳು ರೇಕನ್ನು ಒತ್ತುತ್ತಿದ್ದರು. ಫ್ಯಾನು ನಿಂತಿತ್ತು, ತುಸು ಗಾಳಿಯಾಡಿದರೂ ರೇಕು ಹಾರಿಹೋಗುತ್ತದೆ. ತಮಿಳು ಸೀಮೆಯ ಮಾಧವರಂನ ಸೆಖೆಗೆ ಗದ್ದಕ್ಕಿಳಿದ ಬೆವರನ್ನು ತೊಟ್ಟಿಕ್ಕುವ ಮೊದಲೇ ಸೆರಗಿನಿಂದ ಒರೆಸಿಕೊಂಡರು.

“ಆಂಟಿ, ಇದು ನಿಮ್ದೇ ಅಲ್ವಾ?” ಎದುರುಮನೆಯ ಶ್ರೀಯಾ ಫೋನನ್ನು ಮುಂದೆ ಹಿಡಿದಳು.

ರೇಕು ಕೂರುವ ತನಕ ಸುಮತಿ ತಲೆಯೆತ್ತಲಿಲ್ಲ. ಆಮೇಲೆ ನೋಡಿದರು. ದೇವಿಯ ಕಾಲ ಬಳಿ, ಕತ್ತು ಹಿಂದಕ್ಕೆ ಹೊರಳಿಸಿ ತನ್ನ ಗರಿಯನ್ನೇ ನೋಡುವ ನವಿಲು. ಅಪ್ಪ ಕಲಿಸಿದ್ದು, ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ಸುಮತಿಯವರಿಂದ ಚಿತ್ರ ಕೊಂಡ ಅಂಗಡಿ ಅದನ್ನು ತನ್ನ ವೆಬ್‌ಸೈಟಿನಲ್ಲಿ ಮಾರುತ್ತಿತ್ತು. ಕಲಾವಿದರ ಹೆಸರು ಇರಬೇಕಾದಲ್ಲಿ ಅಂಗಡಿ ಮಾಲೀಕರ ಹೆಸರಿತ್ತು.

“ನಾನೇ ಹೆಸರು ಹಾಕಿರ್ಲಿಲ್ವಲ್ಲಮ್ಮ,” ಎಂದರು ಸುಮತಿ. “ದೇವರ ಪಟಕ್ಕೆ ಬರೆದವರ ಹೆಸರು ಹಾಕ್ಬಾರ್ದು ಅಂತಿದ್ರು ಅಪ್ಪ. ಅಂಗಡಿಯವ್ರೂ ಅದನ್ನೇ ಹೇಳಿದ್ರು. ಹೆಸರಿದ್ರೆ ಪೂಜೆಗೆ ಯಾರೂ ಒಯ್ಯಲ್ಲ ಅಂತ.”

“ದೇವರಿಗೆ ನಿಮ್ಮ ಹೆಸರು ಬೇಡ. ಅಂಗಡಿಯವ್ರ ಹೆಸರಾದ್ರೆ ಪರವಾಗಿಲ್ವಂತಾ?”

ರೈಲ್ವೆಯಿಂದ ನಿವೃತ್ತರಾದ ಗಂಡ ರಾಮದಾಸರು ಪೇಪರ್ ಮಡಿಸಿದರು. “ಈಗ ಏನು ಮಾಡ್ಬೇಕಂತೀಯ? ನೆಟ್ಟಲ್ಲಿ ಹಾಕಿದ್ರೆ ಇನ್ನೊಬ್ಬ ಕದೀತಾನೆ. ಎದುಕ್ಕು ವಂಬು? ಬೇಡದ ತಲೆನೋವು.”

“ಅಂಕಲ್, ನೆಟ್ಟಿಗೆ ಹಾಕ್ದೇನೇ ಕದ್ದಾಯ್ತಲ್ಲ.”

ರಾಮದಾಸರು ಪೇಪರನ್ನು ಮತ್ತೆ ಬಿಡಿಸಿದರು.

ಸುಮತಿ ನವಿಲನ್ನೇ ನೋಡುತ್ತಿದ್ದರು. “ನಾಳೆ ಇದನ್ನ ಬರೆದೋಳು ನಾನು ಅಂದ್ರೆ, ಅವರದ್ದನ್ನ ನೋಡಿ ಬರೆದೆ ಅಂತಾರೆ. ಅಲ್ವಾ?”

ಶ್ರೀಯಾ ಫೋನನ್ನು ಒಳಗಿಟ್ಟಳು.

ಭಾನುವಾರ ಶ್ರೀಯಾ ಮತ್ತೆ ಬಂದಳು. ಮುಂಭಾಗದಲ್ಲಿ ಹೆಸರು ಬೇಡವಾದರೆ ಚಿತ್ರದ ಬೆನ್ನಿಗೆ ಬರೆಯಿರಿ ಎಂದಳು. ಹೆಸರು, ಊರು, ತಿಂಗಳು, ವರ್ಷ. ಸುಮತಿ ಬರೆದರು. ಬಾಲ್ಕನಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದರು. ಫ್ಲ್ಯಾಶ್ ಬಿದ್ದರೆ ಚಿನ್ನ ಬಿಳುಚಿಕೊಳ್ಳುತ್ತದೆ. ಹೊಸ ಚಿತ್ರದ ಮೊದಲ ಗೆರೆ ಎಳೆಯುವ ಕೈಯನ್ನು ಶ್ರೀಯಾ ವಿಡಿಯೋ ಮಾಡಿದಳು.

“ಫೋಟೋ ಬೇಕಾದ್ರೆ ಕದೀಲಿ ಆಂಟಿ. ಬಳೆ ಸಮೇತ ಈ ಕೈಯನ್ನ ಹೇಗೆ ಕದೀತಾರೆ?”

ಇನ್‌ಸ್ಟಾಗ್ರಾಂ ಪುಟ ತೆರೆದದ್ದು ಸುಮತಿಯವರ ನಂಬರಿನಿಂದಲೇ. “ನನ್ನ ನಂಬರ್ ಬೇಡ,” ಎಂದಳು ಶ್ರೀಯಾ. “ನಂಗೆ ಟ್ರಾನ್ಸ್‌ಫರ್ ಆದ್ರೆ ನಿಮ್ಮನೆ ಬೀಗದ ಕೈ ನನ್ನ ಹತ್ರ ಉಳಿಯುತ್ತೆ.” ಕೈಕಸುಬಿನವರಿಗಾಗಿ ಸರ್ಕಾರ ನಡೆಸುವ ಮಾರಾಟದ ತಾಣವನ್ನೂ ತೋರಿಸಿದಳು. ರಾಮದಾಸರಿಗೆ ಬೇರೆಯಾಗಿ ಹೇಳಿದಳು: “ದುಡ್ಡು ಬರ್ಬೇಕಾದ್ರೆ ಪಿನ್ ಒತ್ತಿ ಅಂತ ಯಾರಾದ್ರೂ ಅಂದ್ರೆ ಫೋನ್ ಇಟ್ಬಿಡಿ.”

ಕೆಲವು ವಾರ ಯಾರೂ ಕೇಳಲಿಲ್ಲ. “ಲೈಕ್ ಕೊಟ್ಟೋರೆಲ್ಲ ನಿನ್ನ ಆಫೀಸಿನವ್ರೇ,” ಎಂದು ರಾಮದಾಸರು ಶ್ರೀಯಾಳನ್ನು ಕೆಣಕಿದರು.

ಆಮೇಲೆ ಹತ್ತಿರದ ಆವಡಿಯಿಂದ ಒಬ್ಬ ಹೆಂಗಸು ತಮಿಳಿನಲ್ಲಿ ಬರೆದರು. ನಮ್ಮ ಪೂಜೆಕೋಣೆಯಲ್ಲಿ ಇದೇ ನವಿಲಿದೆ. ಬರೆದವರು ಯಾರೆಂದು ಇಷ್ಟು ವರ್ಷ ಗೊತ್ತಿರಲಿಲ್ಲ. ಮಗಳ ಮನೆಗೂ ಒಂದು ಬರೆದುಕೊಡುತ್ತೀರಾ?

ರಾಮದಾಸರು ಅದನ್ನು ಗಟ್ಟಿಯಾಗಿ ಓದಿದರು. ಯಾರೂ ಕೇಳದಿದ್ದರೂ ಇನ್ನೊಮ್ಮೆ ಓದಿದರು.

ಸುದ್ದಿ ತಿಳಿದ ಅಂಗಡಿ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. “ಅಮ್ಮಾ, ನನ್ನ ಹೆಸರು ಹಾಕಿದ್ದು ತಪ್ಪು. ತೆಗೀತೀನಿ. ಈ ವಯಸ್ಸಲ್ಲಿ ಫೋನಿನ ತೊಂದರೆ ನಿಮಗ್ಯಾಕೆ? ಪಾಸ್‌ವರ್ಡ್ ಕೊಡಿ, ಪೇಜನ್ನ ನಾವು ನೋಡ್ಕೋತೀವಿ. ಹೆಸರು ನಿಮ್ಮದೇ ಇರ್ಲಿ. ಮೊದಲಿಗಿಂತ ಜಾಸ್ತೀನೂ ಕೊಡ್ತೀವಿ.” ಆಮೇಲೆ ರಾಮದಾಸರತ್ತ ತಿರುಗಿದರು. “ಸಾರ್, ನೀವಾದ್ರೂ ಹೇಳಿ.”

“ಪೇಜು ಅವಳದು. ಅವಳನ್ನೇ ಕೇಳಿ,” ಎಂದರು ರಾಮದಾಸರು.

ಸುಮತಿ ಉತ್ತರ ಕೊಡುವ ಮೊದಲು, ಓದುತ್ತಿರುವ ನಿಮಗೊಂದು ಮಾತು. ಬರೆಯುವ, ಹೊಲಿಯುವ, ಕೆತ್ತುವ ಕೈ ನಿಮ್ಮ ಮನೆಯಲ್ಲೂ ಇರಬಹುದು. ಮಾಡಿದ್ದು ಹೊಸ್ತಿಲು ದಾಟುವ ಮೊದಲು ಫೋಟೋ ತೆಗೆಯಿರಿ, ಹೆಸರು ಬರೆಯಿರಿ. ಅಂಗಡಿಗೂ ಮಾರಿ, ತಪ್ಪಿಲ್ಲ. ಪುಟ ತೆರೆಯಲು ಗೊತ್ತಿರುವವರ ನೆರವು ಪಡೆಯಿರಿ. ಪಾಸ್‌ವರ್ಡ್ ಮಾತ್ರ ನಿಮ್ಮಲ್ಲೇ ಇರಲಿ.

ಸುಮತಿ ಹಣ್ಣಿನ ಬುಟ್ಟಿಯನ್ನು ಅವರತ್ತ ಸರಿಸಿದರು.

“ಕೊಡಲ್ಲ,” ಎಂದರು.