ಆರು ಸುತ್ತು ಕಡಿಮಿ

ರವಿವಾರ ಪ್ರಾರ್ಥನಾ ಮಂದಿರದಾಗ ಯಲ್ಲೇಶ ಎದ್ದು ನಿಂತು ಸಾಕ್ಷಿ ಹೇಳಿದಾಗ ಮೂವತ್ತು ಮಂದಿ ಚಪ್ಪಾಳಿ ಹೊಡೆದ್ರು. ಮೂವತ್ತೊಂದನೇದಾಕಿ ಹೊಡೀಲಿಲ್ಲ. ಅಕಿ ಅವನ ಹೇಣ್ತಿ ಶಿವಗಂಗಾ.

ಹೆಸರು ಕೇಳಿ ಗಾಬರಿ ಆಗಬ್ಯಾಡ್ರಿ. ದೀಕ್ಷಾಸ್ನಾನದ ದಿನ ಪಾಸ್ಟರ್ ಹೆಸರು ಬದಲಿ ಮಾಡೂಣೇನು ಅಂತ ಕೇಳಿದ್ರು. ರೇಶನ್ ಕಾರ್ಡು, ಆಧಾರು, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಾ ತಿದ್ದಸ್ಬೇಕಾಗ್ತೈತಿ ಅಂತ ಯಲ್ಲೇಶ ಕೈ ಮುಗದ. ಮನಸ್ಸು ಬದಲಿ ಆದ್ರ ಸಾಕು ಬಿಡು ಅಂದ್ರು ಪಾಸ್ಟರ್. ಅದು ಆಧಾರ್ ಕಾರ್ಡಿಗಿಂತ ತ್ರಾಸಿನ ಕೆಲಸ ಅಂತ ಅವತ್ತ ಯಾರಿಗೆ ಗೊತ್ತಿತ್ತು.

ಅಂವ ಹೇಳಿದ ಸಾಕ್ಷಿ ಇಷ್ಟು. "ನನಗ ನೀರಿನ ಟಾಕಿ ಮುಂದ ಕಪಾಳಕ್ಕ ಹೊಡದ ಈರಬಸಪ್ಪ ಸಾವ್ಕಾರ್ನ ನಾ ಕ್ಷಮಿಸೇನಿ. ನನ್ನ ಎದ್ಯಾಗ ಎಳ್ಳಕಾಳಷ್ಟೂ ಸಿಟ್ಟು ಉಳದಿಲ್ಲ." ಎಳ್ಳಕಾಳು ಅನ್ನೂ ಮುಂದ ಸಣ್ಣದೊಂದು ಗ್ಯಾಪ್ ಕೊಟ್ಟ. ಡೈಲಾಗ್ ಹೊಡಿಯೂದ್ರಾಗ ಅಂವ ಮೊದಲಿಂದ ಹುಷಾರ್. ಡೋಲಕ್ ಗುಡುಗಿತು, ಪಾಸ್ಟರ್ ಹಲ್ಲೆಲೂಯ ಅಂದ್ರು. ಪಕ್ಕಾ ಹೀರೋ ಎಂಟ್ರಿ.

ಫ್ಲ್ಯಾಶ್‌ಬ್ಯಾಕ್ ಸಣ್ಣದೈತಿ. ಅಣ್ಣಿಗೇರಿಯಿಂದ ಶಲವಡಿ ಕಡೆ ಹೋಗೂ ಹಾದ್ಯಾಗಿನ ಒಂದ್ ಊರಾಗ ಯಲ್ಲೇಶ ಹನ್ನೊಂದು ವರ್ಷದಿಂದ ನಳದ ನೀರು ಬಿಡಾಂವ. ಹೆಗಲ ಮ್ಯಾಲ ಉದ್ದನ್ನ ಕಬ್ಬಿಣದ ಚಾವಿ. ಓಣಿಗೊಂದು ವಾಲ್, ಚಾವಿಲೆ ತಿರುವಿದ್ರ ನೀರು. ಎಂಟು ದಿನಕ್ಕೊಮ್ಮೆ ಒಂದೊಂದು ಓಣಿ ಪಾಳಿ. ಏಪ್ರಿಲ್‌ದಾಗ ದೊಡ್ಡ ಪೈಪ್ ಒಡದು ಹದಿಮೂರು ದಿನ ನೀರಿಲ್ಲ. ಹದಿನಾಲ್ಕನೇ ದಿನ ಈರಬಸಪ್ಪ ಟಾಕಿಗೆ ಬಂದ, ಕೊಡ ಹಿಡದ ಅಷ್ಟೂ ಮಂದಿ ಮುಂದ ಯಲ್ಲೇಶನ ಕಪಾಳಕ್ಕ ಬಿಟ್ಟ. ಅಷ್ಟಕ್ಕ ನಿಲ್ಲಲಿಲ್ಲ.

"ನಿಮ್ಮ ಪುಸ್ತಕದಾಗ ಇನ್ನೊಂದು ಗಲ್ಲಾನೂ ತೋರಸ್ಬೇಕಂತ ಐತೆಲ್ಲಲೇ. ತೋರಸು, ನೋಡೂಣು."

ಮಂದಿ ನಕ್ಕರು. ದಿನಾ ಜೋಡೀಲೆ ಚಾ ಕುಡಿಯೂ ಸಲೀಮ್ ಸೈತ ನಕ್ಕ. ಯಾವ ಸಿನೆಮಾದ ಡೈಲಾಗ್ ಕೇಳಿದ್ರೂ ನಿಂತ ಕಾಲಮ್ಯಾಲ ಹೇಳೂ ಯಲ್ಲೇಶನ ಬಾಯಿಂದ ಒಂದ್ ಅಕ್ಷರ ಹೊರಗ ಬರಲಿಲ್ಲ. ಮನೀ ಹಾದ್ಯಾಗ ಮೂರು ಡೈಲಾಗ್ ಹೊಳದ್ವು, ಹಾಸಿಗ್ಯಾಗ ಏಳು. ಆದ್ರ ಶೂಟಿಂಗ್ ಮುಗದಿತ್ತು.

ಈರಬಸಪ್ಪನ ಓಣಿ ವಾಲ್ ಪೂರಾ ಬಿಚ್ಚಾಕ ಹದಿನಾಲ್ಕು ಸುತ್ತು ತಿರುವಬೇಕು. ಮುಂದಿನ ಪಾಳಿಯಿಂದ ಯಲ್ಲೇಶ ಎಂಟಕ್ಕ ನಿಲ್ಲಿಸಿದ. ಸುತ್ತು ಎಣಸಾವ್ರು ಯಾರೂ ಇಲ್ಲ. ದೇವರಿಗೆ ಗೊತ್ತಿತ್ತು. ಶಿವಗಂಗಾಗೂ ಗೊತ್ತಿತ್ತು, ಯಾಕಂದ್ರ ಮೊದಲನೇ ದಿನ ತಾನ ಮೀಸಿ ತಿರುವಿ ಹೇಳಿದ್ದ.

ಸಾಕ್ಷಿ ಹೇಳಿದ ರವಿವಾರ ಮಧ್ಯಾಹ್ನ ತಾಟಿಗೆ ರೊಟ್ಟಿ ಬಿತ್ತು. ಪಲ್ಯಾ ಬರಲಿಲ್ಲ.

"ಯಾಕ, ಚಪ್ಪಾಳಿ ಹೊಡೀಲಿಲ್ಲ ನೀ?" ಅಂದ ಯಲ್ಲೇಶ.

"ಹೋದ ಪಾಳಿಗೆ ಎಷ್ಟು ಸುತ್ತು ಬಿಟ್ರಿ?"

ಅಂವ ರೊಟ್ಟಿ ಮುರದ. "ಎಂಟು."

"ಹಂಗಾರ ಉಳದ ಆರು ಸುತ್ತು ಸಿಟ್ಟು ಯಾರ ಎದ್ಯಾಗ ಐತ್ರಿ?"

"ಮೊದ್ಲ ಬಾಯಿಲೆ ಅಂದು ಬಿಟ್ರ ಆಮ್ಯಾಲ ಮನಸ್ಸು ತಾನ ಬರ್ತೈತಿ ಅಂತ ಮಾಡಿದ್ನಿ."

"ಡಬ್ಬಿಂಗ್ ಮೊದ್ಲ, ಶೂಟಿಂಗ್ ಆಮ್ಯಾಲ," ಅಂದ್ಲು ಶಿವಗಂಗಾ. ನಗಲಿಲ್ಲ. "ಬರೂ ರವಿವಾರದೊಳಗ ಅದನ್ನ ಖರೇ ಮಾಡ್ರಿ. ಆಗೂದಿಲ್ಲಂದ್ರ ಎದ್ದು ನಿಂತು ಸುಳ್ಳಿತ್ತು ಅಂತ ಹೇಳ್ರಿ. ನೀವು ಹೇಳದಿದ್ರ ನಾ ಹೇಳ್ತೀನಿ."

ಆಮ್ಯಾಲ ಪಲ್ಯಾ ಬಂತು. ಯಲ್ಲೇಶಗ ರುಚಿ ಹತ್ತಲಿಲ್ಲ. ಹನ್ನೊಂದು ವರ್ಷ ಬಗ್ಗಿ ಬಗ್ಗಿ ನಡಾ ಹೋಗೇತಿ, ಮೊಣಕಾಲು ಕಟಕಟ ಅಂತಾವ, ಅದರ ಮ್ಯಾಲ ಈಗ ಒಳ್ಳೇವ ಬ್ಯಾರೆ ಆಗಬೇಕು. ರವಿವಾರ ಎರಡು ತಾಸು ಒಳ್ಳೇವ ಆಗೂದು ಹಗರ. ಸೋಮವಾರದಿಂದ ಶನಿವಾರದ ತನಕ ಯಾರ ಕೈಲೆ ಆಗ್ತೈತಿ.

ಬುಧವಾರ ಆ ಓಣಿ ಪಾಳಿ. ಬೆಳಿಗ್ಗೆ ಆರಕ್ಕ ಹೊಂಟ. ಹಿಂದಿನ ದಿನ ಮಳಿ ಬಿದ್ದು ಎರಿಮಣ್ಣು ಚಪ್ಪಲಿಗೆ ಅಂಟಿ ಕಾಲು ಒಂದೊಂದು ಮಣ ಆಗಿದ್ವು. ವಾಲಿಗೆ ಚಾವಿ ಹಾಕಿ ತಿರುವಿದ. ಎಂಟಕ್ಕ ಕೈ ತಾನ ನಿಂತು ಬಿಡ್ತು. ರೂಢಿ. ಇನ್ನೊಂದು ಸುತ್ತು ತಿರುವೂಣು ಅಂದ್ರ ಗಲ್ಲ ಚುರ್ ಅಂತು.

ಮುಂದಿನ ಪಾಳಿಗೆ ನೋಡಿದ್ರಾತು ಅಂತ ಚಾವಿ ಹೆಗಲಿಗೇರಿಸಿ, ನೀರು ತುದಿತನಕ ಮುಟ್ಟೇತೇನು ನೋಡಾಕ ಓಣ್ಯಾಗ ನಡದ. ತುದೀ ಮನಿ ಕಸ್ತೂರೆವ್ವಂದು. ಒಬ್ಬಾಕಿ ಮುದುಕಿ. ನಳದ ಮುಂದ ಕುಂತಿದ್ಲು. ನಳದಿಂದ ದಾರದೆಳಿಯಷ್ಟು ನೀರು. ಬಾಜೂಕ ಕಾಲುಭಾಗ ತುಂಬಿದ ಒಂದ ಕೊಡ.

"ಬಾರೋ ಯಪ್ಪಾ. ಚಾ ಇಡ್ತೀನಿ."

"ಬ್ಯಾಡ ಆಯಿ. ನೀರ ಇಲ್ಲ ನಿನ್ನ ಕಡೆ."

"ಅಯ್ಯ, ನನ್ನ ನಳಾನೂ ನನ್ನಂಗ ಮುದುಕಿ ಆಗೈತಿ ಬಿಡು. ಸಾವ್ಕಾರಗ ಏನಾಗೇತಿ, ಪೈಪಿಗೆ ಮೋಟಾರ್ ಹಚ್ಚಿ ಎಳಕೋತಾನ. ಅವರ ಮನ್ಯಾಗ ಎಮ್ಮಿ ಸೈತ ಜಳಕಾ ಮಾಡ್ತಾವ. ಉಳದಿದ್ದು ನಮಗ."

ಯಲ್ಲೇಶ ಅಲ್ಲೇ ಕಟ್ಟಿ ಮ್ಯಾಲ ಕುಂತ. ಮೋಟಾರ್ ಇದ್ದಾವಂಗ ಎಂಟಾದ್ರೇನು, ಹದಿನಾಲ್ಕಾದ್ರೇನು. ಎರಡು ತಿಂಗಳು ಅಂವ ಸೇಡು ತೀರಿಸ್ಕೊಂಡಿದ್ದು ಈ ಮುದುಕಿ ಮ್ಯಾಲ. ವಿಲನ್‌ಗ ಹೊಡಿಯಾಕ ಹೋಗಿ ಬಾಜೂಕ ನಿಂತಾಕಿಗೆ ಬಾರಿಸಿದಂಗಾತು.

ಅಷ್ಟರೊಳಗ ಅಕಿ ಚಾ ತಂದ್ಲು. ಕೊಡದಾಗಿನ ನೀರಿಂದ ಮಾಡಿದ್ಲು. ಯಲ್ಲೇಶ ಬಸಿ ಇಸ್ಕೊಂಡ.

"ಆಯಿ, ನಿನ್ನ ನಳಾ ಮುದುಕಿ ಆಗಿಲ್ಲ. ನಾನ ಬೇಕಂತ ಕಡಿಮಿ ಬಿಟ್ಟೇನಿ. ಸಾವ್ಕಾರ ಹೊಡದಿದ್ದಕ್ಕ."

ಕಸ್ತೂರೆವ್ವ ಅವನ ಮಾರಿ ನೋಡಿದ್ಲು. "ಎರಡು ತಿಂಗಳು?"

"ಹೂಂ."

"ನಾ ಆಚೀ ಓಣಿ ರಮಜಾನನ ಬೋರಿನಿಂದ ನೀರು ಹೊತ್ತು ತಂದೇನಲೇ. ಈ ನಡಾ ಇಟ್ಕೊಂಡು."

ಯಲ್ಲೇಶ ಚಾ ಬಸಿ ಕೆಳಗಿಟ್ಟು ಚಾವಿಗೆ ಕೈ ಹಾಕಿದ.

"ಏಳು. ಮೊದ್ಲ ಹೋಗಿ ವಾಲ್ ತಿರುವು. ಬೈಗಳಾ ಆಮ್ಯಾಲ ಬೈತೀನಿ, ನೀರು ನಿಲ್ಲೂ ಹೊತ್ತಾತು."

ಅಂವ ವಾಪಸ್ ಹೋಗಿ ಆರು ಸುತ್ತು ತಿರುವಿದ. ಆಮ್ಯಾಲ ಕೆಸರಾಗ ಕಾಲು ಎಳಕೋತ ಈರಬಸಪ್ಪನ ಬಾಗಲಕ್ಕ ಬಂದ. ಸಾವ್ಕಾರ ಬನೀನ್ ಮ್ಯಾಲ ನಿಂತು ಹಲ್ಲು ತಿಕ್ಕಾಕ್ಹತ್ತಿದ್ದ. ಹಿತ್ತಲದಾಗ ಮೋಟಾರ್ ಗುರ್ ಅಂತಿತ್ತು.

"ಸಾವ್ಕಾರ್ರ, ನೀವು ಹೊಡದ ದಿನದಿಂದ ನಿಮ್ಮ ಓಣಿಗೆ ಆರು ಸುತ್ತು ಕಡಿಮಿ ಬಿಟ್ಟೇನ್ರಿ. ತಪ್ಪಾತು."

ಈರಬಸಪ್ಪ ಉಗುಳಿ ಬಾಯಿ ಒರಸ್ಕೊಂಡ. "ನನಗ ಗೊತ್ತ ಆಗಿಲ್ಲ ಅದು."

"ನಿಮಗ ಗೊತ್ತಾಗೂದಿಲ್ರಿ, ಮೋಟಾರ್ ಐತಿ. ನೀರು ತಪ್ಪಿದ್ದು ಕಸ್ತೂರೆವ್ವಗ."

"ಅಂದ್ರ? ನಾ ಮೋಟಾರ್ ಬಂದ್ ಮಾಡಬೇಕಂತಿಯೇನು?"

"ಅದನ್ನೂ ಅಂತೇನ್ರಿ. ಆದ್ರ ಮೊದ್ಲ ನಂದು ಹೇಳಾಕ ಬಂದೇನಿ."

"ಪಂಚಾಯ್ತಿಗೆ ಹೇಳಿದ್ರ ಏನಾಗ್ತೈತಿ ಗೊತ್ತೈತಿಲ್ಲೋ ನಿನಗ?"

"ಕೆಲಸ ಹೋಗ್ತೈತ್ರಿ."

ಹಿಂದ ಮ್ಯೂಸಿಕ್ ಏರಲಿಲ್ಲ. ತಬ್ಬಿಕೊಳ್ಳೂದು, ಕಣ್ಣೀರು, ಏನೂ ಇಲ್ಲ. ಈರಬಸಪ್ಪ ಒಳಗ ಹೋಗಿ ಬಾಗಲಾ ಹಾಕ್ಕೊಂಡ. ಮೋಟಾರ್ ಗುರ್ ಅಂತನ ಇತ್ತು.

ರವಿವಾರ ಬಂತು. ಪಂಚಾಯ್ತಿಯಿಂದ ಕರೆ ಇನ್ನೂ ಬಂದಿರಲಿಲ್ಲ. ಸಾಕ್ಷಿ ಹೇಳಾವ್ರು ಯಾರಿದ್ದೀರಿ ಅಂತ ಪಾಸ್ಟರ್ ಕೇಳಿದಾಗ ಯಲ್ಲೇಶ ಗ್ವಾಡಿ ಹಿಡದು ಎದ್ದ.

"ಹೋದ ವಾರ ನಾ ಸುಳ್ಳು ಹೇಳಿದ್ನಿ. ಸಿಟ್ಟು ಐತಿ. ಬುಧವಾರ ಸಾವ್ಕಾರ್ನ ಮಾರಿ ನೋಡಿದಾಗ ಗಲ್ಲ ಮತ್ತ ಬಿಸಿ ಆತು. ಸಿಟ್ಟಿನ್ಯಾಗ ಎರಡು ತಿಂಗಳು ಒಬ್ಬಾಕಿ ಮುದುಕಿಗೆ ನೀರು ತಪ್ಪಿಸೇನಿ. ಈಗ ಹದಿನಾಲ್ಕೂ ಸುತ್ತು ತಿರುವೇನಿ. ಹೆಚ್ಚಿಗಿ ಏನೂ ಆಗಿಲ್ಲ ನನ್ನ ಕೈಲೆ." ಈ ಸಲ ಎಲ್ಲೂ ಗ್ಯಾಪ್ ಕೊಡಲಿಲ್ಲ.

ಯಾರೂ ಚಪ್ಪಾಳಿ ಹೊಡೀಲಿಲ್ಲ. ಡೋಲಕ್ ಬಾರಸಾವಂಗ ಬಾರಸಬೇಕೋ ಬ್ಯಾಡೋ ತಿಳೀಲಿಲ್ಲ. ಪಾಸ್ಟರ್ ಬೈಬಲ್ ಹಾಳಿ ತಿರುವಿದ್ರು, ಮತ್ತ ಹಿಂದಕ್ಕ ತಿರುವಿದ್ರು.

ಹೆಂಗಸರ ಕಡೆಯಿಂದ ಶಿವಗಂಗಾ ತಾ ಕುಂತಿದ್ದ ಚಾಪಿ ಜಗ್ಗಿ ಅವನ ಕಾಲ ಬುಡಕ್ಕ ಸರಿಸಿದ್ಲು.

"ಕುಂದರ್ರಿ. ಮೊಣಕಾಲು ನೋಯ್ತಾವ," ಅಂದ್ಲು.

ಯಲ್ಲೇಶ ಕುಂತ. ಆ ಓಣಿ ಮುಂದಿನ ಪಾಳಿ ಗುರುವಾರ ಇತ್ತು.