ಬಿಸಿ ತಾಗದ ನಡ

ಬೆಳವಣಕಿ ಊರಿನ ಒಂದು ಓಣಿಯಲ್ಲಿ ಯಾರಿಗೆ ನಡ ಹಿಡಿದು ಸೊಂಟ ನೊಂದರೂ ರಾಜಮಾಳ ಮನೆಯ ಒಲೆಗೆ ಇಟ್ಟಿಗೆ ಏರುತ್ತದೆ. ಚೀಲ ಎತ್ತಿದವರು, ದಿನವಿಡೀ ಬಗ್ಗಿ ಕಳೆ ತೆಗೆದವರು, ಹಡೆದ ಹೆಂಗಸರು, ಎಲ್ಲರಿಗೂ ಅದೇ ಮದ್ದು. ಇಟ್ಟಿಗೆ ಕಾಯಿಸಿ, ಗೋಣಿತಟ್ಟಿನಲ್ಲಿ ಸುತ್ತಿ, ಮೊದಲು ತನ್ನ ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ನೋವಿದ್ದ ಕಡೆ ಇಡುತ್ತಾಳೆ. "ಸುಡಾಕತ್ತಿದ್ರ ಹೇಳ್ರಿ" ಎನ್ನುತ್ತಾಳೆ. ಸುಟ್ಟರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗಾಗಿ ಮೂವತ್ತು ವರ್ಷಗಳಲ್ಲಿ ಆಕೆಯ ಕೈಯಿಂದ ಒಬ್ಬರಿಗೂ ಒಂದು ಗುಳ್ಳೆ ಎದ್ದದ್ದಿಲ್ಲ.

ಆ ಶುಕ್ರವಾರ ಸಂಜೆ ಮಗ ಇಲಿಯಾಸ ಕುರ್ಚಿಯ ಮೇಲೆ ಕುಳಿತು ನಮಾಜು ಮಾಡುವುದನ್ನು ಕಂಡ ರಾಜಮಾ ನೇರ ಅಡುಗೆಮನೆಗೆ ಹೋಗಿ ಇಟ್ಟಿಗೆ ತೆಗೆದಳು. ತಂದೆ ರಮಜಾನಸಾಬನಿಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ಅರವತ್ತೈದರ ಮುದುಕ ನಾನು, ನೆಲಕ್ಕ ಹಣಿ ಹಚ್ಚತೀನಿ. ಇಪ್ಪತ್ತೊಂಬತ್ತರ ಪೈಲ್ವಾನಗ ಕುರ್ಚಿ ಬೇಕಾತೇನಪ್ಪಾ?"

"ನಡಾ ಹಿಡದೈತೆಪ್ಪಾ. ಚೀಲಾ ಎತ್ತೂ ಮುಂದ ಚಳಕು ಬಂತು."

ಅದು ಸುಳ್ಳು. ಬುಧವಾರದಿಂದ ಇಲಿಯಾಸ ಮನೆಯವರಿಗೆಲ್ಲ ಅದನ್ನೇ ಹೇಳಿ, ಅವ್ವನ ಇಟ್ಟಿಗೆಯನ್ನು ಬೇಡವೆನ್ನುತ್ತ ಬಂದಿದ್ದ.

ಅಪ್ಪ ಮಗ ಸುತ್ತಲಿನ ಹಳ್ಳಿಗಳಲ್ಲಿ ಕಡಲೆ, ಹೆಸರು, ಗೋವಿನಜೋಳ ಕೊಂಡು ನರಗುಂದದ ಪೇಟೆಗೆ ಹಾಕುವವರು. ಕ್ವಿಂಟಲ್ ಚೀಲವನ್ನು ಇಲಿಯಾಸ ಒಬ್ಬನೇ ಬೆನ್ನಿಗೇರಿಸುತ್ತಿದ್ದ. ಪೇಟೆಗೆ ಹೋದ ದಿನ ಮುಂಜಾನೆ ನರಗುಂದದ ಗುಡ್ಡವನ್ನು ಓಡುತ್ತ ಹತ್ತಿ ಇಳಿಯುತ್ತಿದ್ದ. ಎದೆ, ತೋಳು, ತೊಡೆ ಎಲ್ಲ ಕಡೆದಿಟ್ಟಂತೆ. ಸೊಂಟದ ಎರಡೂ ಬದಿಗೆ ಮಾತ್ರ ಹಿಡಿಯಷ್ಟು ಕೊಬ್ಬು ಹಾಗೇ ಕುಳಿತಿತ್ತು. ಅಲ್ಲಿಯವರೆಗೆ ಅದು ಅವನ ಗಮನಕ್ಕೇ ಬಂದಿರಲಿಲ್ಲ. ಒಂದು ದಿನ ಪೇಟೆಯಲ್ಲಿ ಅಂಗಿ ಬಿಚ್ಚಿ ಚೀಲ ಎತ್ತುವಾಗ ಯಾರೋ ವಿಡಿಯೊ ಮಾಡಿ ಮೊಬೈಲಿನಲ್ಲಿ ಹರಿಬಿಟ್ಟರು. ಸಾವಿರ ಮಂದಿ ಭಲೇ ಎಂದರು. ಒಬ್ಬ ಬರೆದ: "ಮ್ಯಾಲ ಪೈಲ್ವಾನ, ನಡಕ್ಕ ಟಾಯರ."

ಸಾವಿರ ಭಲೇ ಮರೆತುಹೋದವು. ಟಾಯರ ಉಳಿಯಿತು.

ರೊಟ್ಟಿ ಕಡಿಮೆ ಮಾಡಿದ, ಓಟ ಹೆಚ್ಚು ಮಾಡಿದ. ಮುಖ ಸೊರಗಿತು, ಸೊಂಟದ ಕೊಬ್ಬು ಕರಗಲಿಲ್ಲ. ಕೊಬ್ಬನ್ನು ಎಲ್ಲಿಂದ ಮೊದಲು ಇಳಿಸಬೇಕು ಎಂಬುದನ್ನು ಮೈ ತಾನೇ ನಿರ್ಧರಿಸುತ್ತದೆ, ನಮ್ಮನ್ನು ಕೇಳುವುದಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲೇ ಒಂದು ಜಾಹೀರಾತು ಬಂತು. ಚರ್ಮದಡಿ ಸಣ್ಣ ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ. ಇಂದು ಮಾಡಿಸಿ, ನಾಳೆ ಕೆಲಸಕ್ಕೆ ಹೋಗಿ.

ಗೋಣಿಚೀಲ ತರುತ್ತೇನೆಂದು ಹೇಳಿ ಸೋಮವಾರ ಬಸ್ಸು ಹತ್ತಿದ. ದೂರದ ಶಹರಿನ ಆ ಕ್ಲಿನಿಕ್ಕಿನಲ್ಲಿ ಡಾಕ್ಟರು "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು. "ವ್ಯಾಪಾರ" ಎಂದ, ಚೀಲದ ಸುದ್ದಿ ಎತ್ತಲಿಲ್ಲ. "ಮನೆಯವರು ಯಾರು ಬಂದಿದ್ದಾರೆ?" "ಗೆಳೆಯ ಹೊರಗೆ ಕೂತಾನ್ರಿ." ಹೊರಗೆ ಯಾರೂ ಇರಲಿಲ್ಲ. ದರ್ಜಿ ಬಟ್ಟೆಗೆ ಗುರುತು ಹಾಕುವಂತೆ ಡಾಕ್ಟರು ಅವನ ಸೊಂಟದ ಮೇಲೆ ಪೆನ್ನಿನಿಂದ ಗೆರೆ ಎಳೆದರು. ಅರಿವಳಿಕೆಯಿಂದ ಎಚ್ಚರವಾದಾಗ ಹಳದಿ ಕೊಬ್ಬಿನ ಜಾಡಿ ತೋರಿಸಿದರು. ಇಷ್ಟಕ್ಕೇ ತಾನು ಇಷ್ಟು ದಿನ ಕನ್ನಡಿ ಮುಂದೆ ಸತ್ತೆನೇ ಎನಿಸಿತು. ಸೊಂಟಕ್ಕೆ ರಬ್ಬರೆಳೆಯ ಬಿಗಿ ಪಟ್ಟಿ ತೊಡಿಸಿ, ಇಂಗ್ಲಿಷಿನಲ್ಲಿದ್ದ ಎರಡು ಹಾಳೆ ಕೈಗಿಟ್ಟು, ಅಲ್ಲಿಯ ಒಬ್ಬ ನರ್ಸು ಗಡಿಬಿಡಿಯಲ್ಲಿ ಏನೇನೋ ಹೇಳಿದಳು. ಇಲಿಯಾಸ ಎಲ್ಲದಕ್ಕೂ ಗೋಣು ಹಾಕಿದ. ಬುಧವಾರ ನರಗುಂದದಲ್ಲಿ ಬಸ್ಸಿಳಿದು ಹಾಳೆಗಳನ್ನು ಅಲ್ಲಿ ನಿಲ್ಲಿಸಿ ಹೋಗಿದ್ದ ತನ್ನ ಬೈಕಿನ ಸೀಟಿನಡಿ ತುರುಕಿದ. ಮನೆಯಲ್ಲಿಟ್ಟರೆ ಹೆಂಡತಿ ಶಹನಾಜಳ ಕಣ್ಣಿಗೆ ಬೀಳುತ್ತಿತ್ತು.

ಸೊಂಟವೆಲ್ಲ ಕಪ್ಪುನೀಲಿಯಾಗಿತ್ತು. ಮೈ ಸಣ್ಣಗೆ ಕಾಯುತ್ತಿತ್ತು. ಆದರೆ ಬದಿಯ ಚರ್ಮ ಚಿವುಟಿಕೊಂಡರೂ ಗೊತ್ತಾಗುತ್ತಿರಲಿಲ್ಲ, ಹಲ್ಲು ಕೀಳಿಸಿದ ದಿನದ ತುಟಿಯಂತೆ. ನೋವಿಲ್ಲವೆಂದರೆ ಗುಣವಾಗುತ್ತಿದೆ ಎಂದುಕೊಂಡ.

"ಬೋರಲ ಮಲಗು. ಅಂಗಿ ಎತ್ತು" ಎಂದಳು ರಾಜಮಾ, ಇಟ್ಟಿಗೆ ಹಿಡಿದುಕೊಂಡು ಬಂದು.

ಇಲಿಯಾಸ ಅಂಗಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. "ಅಂಗಿ ಎತ್ತೂದು ಬ್ಯಾಡಬೇ. ದವಾಖಾನ್ಯಾಗ ಪಟ್ಟಿ ಹಾಕ್ಯಾರ. ಮ್ಯಾಲಿಂದನ ಇಡು."

"ಯಾವ ದವಾಖಾನಿ? ನನಗ ಹೇಳೇ ಇಲ್ಲ."

"ನರಗುಂದದಾಗಬೇ. ಇಡಬೇ ಲಗೂ."

ಆಕೆ ಇಟ್ಟಿಗೆಯನ್ನು ಮುಂಗೈಗೆ ಮುಟ್ಟಿಸಿ ನೋಡಿ ಅವನ ಎಡಬದಿಗೆ ಇಟ್ಟಳು. "ಬಿಸಿ ಹತ್ತಿತೇನು?"

ಇಲಿಯಾಸ ಕಾದ. ಮೇಲೊಂದು ಭಾರ ಇದೆ ಎಂಬುದಷ್ಟೇ ತಿಳಿಯುತ್ತಿತ್ತು. "ಇಲ್ಲಬೇ."

"ಪಟ್ಟಿ ದಪ್ಪೈತಿ, ಅದಕ್ಕ." ರಾಜಮಾ ಮತ್ತೆ ಕಾಯಿಸಿ ತಂದು, ತಟ್ಟಿನ ಒಂದು ಸುತ್ತು ಕಡಿಮೆ ಮಾಡಿ ಇಟ್ಟಳು. "ಈಗ?"

"ಇಲ್ಲ."

"ಎಂಥಾ ಮೈಯೋ ನಿಂದು! ಎಮ್ಮಿ ಚರ್ಮ." ಮೂರನೆಯ ಸಲ ಹೆಚ್ಚು ಹೊತ್ತು ಕಾಯಿಸಿದಳು. ಮುಂಗೈಗೆ ಮುಟ್ಟಿಸಿದಾಗ ಆಕೆಗೇ ಕೈ ಹಿಂದೆಳೆಯುವಂತಾಯಿತು. ಆದರೆ ಮಗ ಹತ್ತುವುದೇ ಇಲ್ಲ ಎನ್ನುತ್ತಿದ್ದಾನಲ್ಲ. ಒಂದೇ ಸುತ್ತು ತಟ್ಟಿನಲ್ಲಿ ಇಟ್ಟು ಮೇಲೆ ಅಂಗೈ ಒತ್ತಿದಳು. "ಈಗರ ಹತ್ತಿತೋ ಇಲ್ಲೋ?"

ಇನ್ನೂ ಏನೂ ಇರಲಿಲ್ಲ. ಹಾಗೆಂದರೆ ಪಟ್ಟಿ ಬಿಚ್ಚು ಎನ್ನುತ್ತಾಳೆ. "ಹತ್ತಿತಬೇ. ಭಾಳ ಚಲೋ ಅನ್ನಸಾಕತ್ತೈತಿ."

ರಾಜಮಾಳ ಮುಖ ಅರಳಿತು. "ಹಂಗಾರ ಹತ್ತು ನಿಮಿಷ ಅಲ್ಲೇ ಇರ್ಲಿ. ಅಳ್ಳಾಡಬ್ಯಾಡ" ಎಂದು ಅಡುಗೆಮನೆಗೆ ಹೋದಳು.

ರೊಟ್ಟಿ ಬಡಿಯುತ್ತಿದ್ದ ಶಹನಾಜ ಮೂಗರಳಿಸಿದಳು. "ಅತ್ತೀ, ರಬ್ಬರ ಸುಟ್ಟಂಗ ವಾಸನಿ. ಒಲಿಮ್ಯಾಲ ಏನರ ಬಿದ್ದೈತೇನ್ರಿ?" ಒಲೆಯ ಮೇಲೆ ಹಂಚಿನ ಹೊರತು ಏನೂ ಇರಲಿಲ್ಲ. ವಾಸನೆ ಪಡಸಾಲೆಯಿಂದ ಬರುತ್ತಿತ್ತು. ಹೊರಬಂದು ನೋಡಿದರೆ ಗಂಡನ ಬದಿಯಿಂದ ದಾರದಂಥ ಹೊಗೆ ಏಳುತ್ತಿದೆ. ಗಂಡ ಮಾತ್ರ ಆರಾಮವಾಗಿ ಮೊಬೈಲು ನೋಡುತ್ತಿದ್ದಾನೆ.

ಶಹನಾಜ ಓಡಿಬಂದು ಇಟ್ಟಿಗೆಯನ್ನು ಕೈಯಿಂದಲೇ ದೂಡಿ "ಅಯ್ಯಯ್ಯೋ!" ಎಂದು ಬೆರಳು ಬಾಯಿಗಿಟ್ಟುಕೊಂಡಳು. ಅವನ ನಡಕ್ಕೆ ಅಷ್ಟು ಹೊತ್ತಿನಿಂದ ತಿಳಿಯದ್ದು ಅವಳ ಬೆರಳಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ತಿಳಿದಿತ್ತು.

ಅಂಗಿ ಎತ್ತಿ, ಪಟ್ಟಿಯ ಅಂಚು ಸರಿಸಿದರು. ಕಪ್ಪುನೀಲಿ ಸೊಂಟ, ಅಲ್ಲಲ್ಲಿ ಹೊಲಿಗೆ ಹಾಕಿದ ಸಣ್ಣ ಗಾಯ, ಇಟ್ಟಿಗೆ ಇದ್ದಲ್ಲಿ ಮುರುಟಿದ ಪಟ್ಟಿ. ರಮಜಾನಸಾಬ ಹತ್ತಿರ ಬಂದು ಬಗ್ಗಿ ನೋಡಿದ.

"ಲೇ ಇಲಿಯಾಸ... ಕಿಡ್ನಿ ಮಾರಿ ಬಂದೀಯೇನಲೇ?"

"ಇಲ್ಲಪ್ಪಾ. ಕೊಬ್ಬು ತಗಿಸೀನಿ. ಆಪರೇಶನ್ ಮಾಡಿಸಿ."

"ಕೊಬ್ಬು? ನಿನ್ನ ಮೈಯಾಗ ಕೊಬ್ಬು ಎಲ್ಲಿತ್ತಲೇ?"

ಶಹನಾಜ ಒಂದೇ ಮಾತು ಕೇಳಿದಳು. "ನನಗರ ಹೇಳಬಾರದಾಗಿತ್ತೇನ್ರಿ?" ಉತ್ತರಕ್ಕೆ ಕಾಯದೆ ಮೂರು ಮನೆ ಆಚೆಗಿದ್ದ ಗೌತಮಿಯನ್ನು ಕರೆಯಲು ಓಡಿದಳು. ಗೌತಮಿ ಊರಿನ ಸರಕಾರಿ ದವಾಖಾನೆಯ ನರ್ಸು.

ಗೌತಮಿ ಬರುವಷ್ಟರಲ್ಲಿ ರಾಜಮಾ ಒಂದು ಕೈಯಲ್ಲಿ ಹಲ್ಲುಜ್ಜುವ ಪೇಸ್ಟು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ ಹಿಡಿದು ನಿಂತಿದ್ದಳು.

"ದೊಡ್ಡವ್ವಾ, ಎರಡೂ ಬ್ಯಾಡ. ಅರಿಶಿಣಾನೂ ಬ್ಯಾಡ, ಬರ್ಫೂ ಬ್ಯಾಡ. ಕುಡಿಯೂ ನೀರು ತರ್ರಿ, ಕೊಡಗಟ್ಲೆ ತರ್ರಿ."

ಅಂಟಿಕೊಳ್ಳದ ಕಡೆ ಪಟ್ಟಿಯನ್ನು ಕತ್ತರಿಸಿ ತೆಗೆದಳು, ಅಂಟಿದ್ದನ್ನು ಎಳೆಯಲಿಲ್ಲ. ಇಪ್ಪತ್ತು ನಿಮಿಷ ಸಣ್ಣ ಧಾರೆಯಲ್ಲಿ ನೀರು ಬಿಡಿಸಿದಳು. ಇಟ್ಟಿಗೆಯ ಒಂದು ಮೂಲೆಯಷ್ಟು ಅಗಲಕ್ಕೆ ಚರ್ಮ ಬೆಳ್ಳಗೆ, ಬಿರುಸಾಗಿ ಕಾಣಿಸಿತು. ಅದರ ಅಂಚನ್ನು ಮೆಲ್ಲಗೆ ಮುಟ್ಟಿದಳು.

"ನೋವಾಗ್ತೈತೇನು ತಮ್ಮಾ?"

"ಏನೂ ಇಲ್ಲ ಅಕ್ಕಾ" ಎಂದ ಇಲಿಯಾಸ, ಸಮಾಧಾನದಿಂದ.

"ಅದಕ್ಕನ ನನಗ ಅಂಜಿಕಿ" ಎಂದಳು ಗೌತಮಿ. "ಕೊಬ್ಬು ಹೀರಿ ತಗ್ಯೂವಾಗ ಚರ್ಮದ ಕೆಳಗಿನ ಸಣ್ಣ ನರಕ್ಕ ಪೆಟ್ಟು ಬಿದ್ದಿರ್ತೈತಿ. ಅವು ಸುಧಾರಿಸಾಕ ವಾರಗಟ್ಲೆ ಬೇಕು, ಒಮ್ಮೊಮ್ಮೆ ತಿಂಗಳಗಟ್ಲೆ. ಅಲ್ಲೀತನಕ ಆ ಚರ್ಮಕ್ಕ ಬಿಸಿ ಯಾವುದು, ತಂಪು ಯಾವುದು ತಿಳಿಯೂದಿಲ್ಲ. ಕಣಕ್ಕ ಬೆಂಕಿ ಬಿದ್ದಾಗ ಕಾಯಾವ ನಿದ್ದಿ ಹೊಡದಂಗ. ನಿನಗ ಏನರ ಚೀಟಿ ಕೊಟ್ಟಿರಬೇಕಲ್ಲ?"

ಇಲಿಯಾಸ ತಲೆ ತಗ್ಗಿಸಿದ. "ಬೈಕಿನ ಸೀಟಿನ ಕೆಳಗ."

ಶಹನಾಜ ತಂದಳು. ಗೌತಮಿ ಓದಿ ಕನ್ನಡದಲ್ಲಿ ಹೇಳಿದಳು. ಮರಗಟ್ಟಿದ ಜಾಗಕ್ಕೆ ಬಿಸಿ ಶಾಖ ಕೊಡಬಾರದು. ಅದು ಮೂರನೆಯ ಸಾಲಿನಲ್ಲೇ ಇತ್ತು. ಹಲವು ವಾರ ಭಾರ ಎತ್ತಬಾರದು. ಜ್ವರ, ಏದುಸಿರು, ಎದೆನೋವು, ಕಾಲಿನ ಬಾವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಆಕೆ ಅವನ ಮೀನಖಂಡ ಒತ್ತಿ ನೋಡಿದಳು, ಉಸಿರು ಎಣಿಸಿದಳು, ಜ್ವರ ನೋಡಿದಳು. ನೂರೊಂದು ಇತ್ತು. ಮೊಬೈಲು ತೆಗೆದಳು. "ಗದಗಕ್ಕ ಹೋಗಬೇಕು. ನೂರಾ ಎಂಟಕ್ಕ ಫೋನ್ ಮಾಡ್ತೀನಿ."

"ತಡೀರಿ ಅಕ್ಕಾರ." ರಮಜಾನಸಾಬ ಕೈ ಅಡ್ಡ ಹಿಡಿದ. "ಅಂಬುಲೆನ್ಸ್ ಬಂದ್ರ ಓಣಿಗೆಲ್ಲಾ ಗೊತ್ತಾಗ್ತೈತಿ. ಚಂದ ಕಾಣಾಕ ಗಂಡಸು ಮೈ ಕೊಯ್ಸಿಕೊಂಡ ಅಂತ ನಗ್ತಾರ. ಬರೀ ಬಿಸಿ ಹತ್ತೇತಿ. ನಾಳಿ ಮುಂಜಾನಿ ನಾನ ಸುಮ್ಮನ ಕರಕೊಂಡು ಹೋಗ್ತೀನಿ."

"ಕಾಕಾ, ಬಿಸಿ ಹತ್ತಿದ್ರ ಕೆಂಪಾಗ್ತೈತಿ. ಇದು ಬೆಳ್ಳಗಾಗೇತಿ, ಆಳಕ್ಕ ಸುಟ್ಟೈತಿ. ಬಾಜೂಕ ಆಪರೇಶನ್ ಗಾಯ ಅದಾವು, ಜ್ವರಾ ಬ್ಯಾರೆ. ನಂಜು ರಕ್ತಕ್ಕ ಏರಿದ್ರ ಮುಂಜಾನಿತನ ಕಾಯಾಂಗಿಲ್ಲ. ನಗೂವ್ರು ನಾಕು ದಿನ ನಗ್ತಾರ. ನೀವು ಮಗನ್ನ ಉಳಿಸ್ಕೋತೀರೋ, ಮರ್ಯಾದಿನೋ, ಹೇಳ್ರಿ."

ರಮಜಾನಸಾಬ ಮಗನನ್ನು ನೋಡಿದ. ಮೂಟೆ ಹೊತ್ತರೂ ಬಗ್ಗದ ಮಗ ಚಾಪೆಯ ಮೇಲೆ ನಡುಗುತ್ತಿದ್ದ. ಮುದುಕ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಹೋದ. ಮರುಕ್ಷಣ ಅವನ ಕೂಗು ಓಣಿಯ ತುದಿಯವರೆಗೆ ಕೇಳಿಸಿತು. "ಯಾರಪಾ ಓಣ್ಯಾಗ ಟ್ರ್ಯಾಕ್ಟರ್ ಟ್ರಾಲಿ ನಿಲ್ಲಿಸ್ದಾವ್ರು? ಸರಸ್ರಿ! ನನ್ನ ಮಗನ್ನ ದವಾಖಾನಿಗೆ ಒಯ್ಯಾಕ ಗಾಡಿ ಬರಾಕತ್ತೈತಿ!"

ಗದಗಿನಲ್ಲಿ ಸತ್ತ ಚರ್ಮ ತೆಗೆದು, ತೊಡೆಯ ಚರ್ಮ ತಂದು ಕೂರಿಸಿದರು. ತಡ ಮಾಡದೆ ಬಂದದ್ದರಿಂದ ನಂಜು ಮೈಗೇರುವ ಮುನ್ನವೇ ಹಿಡಿತಕ್ಕೆ ಬಂತು. ಅಲ್ಲಿಯ ಡಾಕ್ಟರು ಬೈಯಲಿಲ್ಲ. "ನೀ ಮಾಡಿಸಿದ ಆಪರೇಶನ್ ತಪ್ಪಲ್ಲಪ್ಪಾ. ಕಲಿತ ಸರ್ಜನ್ ಮಾಡಬೇಕು, ಮಾಡಿಸಿಕೊಂಡಾವ ಹೇಳಿದಂಗ ನಡೀಬೇಕು. ಆದ್ರ ಅದು ತಲಿ ಕಟಿಂಗ್ ಮಾಡಿಸ್ಕೊಂಡು ಬಂದಂಗಲ್ಲ. ಮೈಗೆ ಅದು ಗಾಯನ" ಎಂದರು.

ಆಸ್ಪತ್ರೆಯಲ್ಲಿ ಇಲಿಯಾಸನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅವ್ವನನ್ನು ನೋಡುವುದು. ಆಕೆ ತನ್ನ ಅಂಗೈಯನ್ನೇ ನೋಡುತ್ತ ಕೂರುತ್ತಿದ್ದಳು. "ಊರ ಮಂದಿಗೆಲ್ಲಾ ಚಲೋ ಮಾಡಿದ ಕೈ, ಹೆತ್ತ ಮಗನ್ನ ಸುಟ್ಟಿತು."

"ನಿನ್ನ ಕೈ ಸುಡಲಿಲ್ಲಬೇ" ಎಂದ ಇಲಿಯಾಸ. "ನಡಾ ಹಿಡದೈತಿ ಅಂದ ನನ್ನ ಬಾಯಿ ಸುಟ್ಟಿತು."

ನಾಲ್ಕು ತಿಂಗಳಾದವು. ಇಲಿಯಾಸ ಈಗ ಸಣ್ಣ ಚೀಲ ಎತ್ತುತ್ತಾನೆ. ಕೊಬ್ಬಿದ್ದ ಎಡಬದಿಯಲ್ಲಿ ಇಟ್ಟಿಗೆಯ ಮೂಲೆಯಂಥ ಕಲೆ ಇದೆ. ಓಣಿ ನಕ್ಕಿತು, ನಾಲ್ಕು ದಿನಕ್ಕೆ ಬೇಸತ್ತು ಬಿಟ್ಟಿತು. ಮೊನ್ನೆ ಪಕ್ಕದ ಮನೆಯ ಮೋದಿನಸಾಬ ಸೊಂಟ ಹಿಡಿದುಕೊಂಡು ಬಂದ. "ರಾಜಮಾಬೀ, ನಡಾ ಹಿಡದೈತಿ. ಒಂದೀಟು ಇಟ್ಟಿಗಿ ಇಡ್ರಿ."

ರಾಜಮಾ ಒಲೆಯ ಕಡೆ ಹೋಗಲಿಲ್ಲ. "ಮೊದಲ ಅಂಗಿ ಎತ್ತು. ಹಾಂ. ಸಕ್ಕರಿ ಕಾಯಿಲೆ ಐತೇನು? ಪಾದ ಜೋಮು ಹಿಡೀತಾವೇನು? ಆಪರೇಶನ್ ಏನರ? ಖರೇ ಹೇಳು ಮತ್ತ, ನಮ್ಮನ್ಯಾಗ ಒಬ್ಬಾವ ಸುಳ್ಳು ಹೇಳಿದ್ದು ಸಾಕಾಗೇತಿ."

ಒಳಗೆ ಕಾಳು ತೂಗುತ್ತಿದ್ದ ಇಲಿಯಾಸ ನಕ್ಕು, ತನ್ನ ಅಂಗಿ ಎತ್ತಿ ಮೋದಿನಸಾಬನಿಗೆ ಕಲೆ ತೋರಿಸಿದ. "ಹೇಳಿಬಿಡು ಮಾಮಾ."

ಓದುವವರೇ, ನಿಮ್ಮ ಮನೆಯಲ್ಲೂ ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲುವ ಒಬ್ಬ ಇಲಿಯಾಸ ಇರಬಹುದು. ಅವನನ್ನು ಹಂಗಿಸಬೇಡಿ, ಟಾಯರ ಎನ್ನಬೇಡಿ. ನೀವೇ ಅವನಾಗಿದ್ದರೆ, ಮಾಡಿಸಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಆದರೆ ಕೊಯ್ಯುವವರು ಏನು ಕಲಿತವರು, ಎಲ್ಲಿ ನೋಂದಾಯಿತರು ಎಂದು ಕೇಳಿ ತಿಳಿಯಿರಿ. ನಿಮ್ಮ ಕೆಲಸವೇನು, ಯಾವ ಮಾತ್ರೆ ನುಂಗುತ್ತೀರಿ ಎಂಬುದನ್ನು ಅವರಿಗೆ ಮುಚ್ಚಿಡಬೇಡಿ. ಕೊಟ್ಟ ಚೀಟಿಯನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುವವರೆಗೆ ಅಲ್ಲಿಂದ ಏಳಬೇಡಿ. ಮನೆಯಿಂದ ಒಬ್ಬರನ್ನಾದರೂ ಜೊತೆಗೆ ಒಯ್ಯಿರಿ. ಯಾವುದೇ ಶಸ್ತ್ರಚಿಕಿತ್ಸೆಯಾದ ಮೈಗೆ ಡಾಕ್ಟರನ್ನು ಕೇಳದೆ ಇಟ್ಟಿಗೆ, ಬಿಸಿನೀರಿನ ಚೀಲ, ಉಪ್ಪಿನ ಗಂಟು ಯಾವುದನ್ನೂ ಇಡಬೇಡಿ. ಮರಗಟ್ಟಿದ ಚರ್ಮ ಸುಟ್ಟರೂ ಕೂಗುವುದಿಲ್ಲ. ಚರ್ಮ ಹೇಳಲಾರದ್ದನ್ನು ಬಾಯಿಯಾದರೂ ಹೇಳಲಿ.